ದಾವಲಸಾಬರ ಹೆಬ್ಬೆರಳು, ಸೋಮವ್ವನ ಪಥ್ಯ

2021ರ ಡಿಸೆಂಬರ್ ಕೊನೆಯ ವಾರ. ನಾನಾಗ ದಾಂಡೇಲಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಪ್ರಯೋಗಶಾಲಾ ತಂತ್ರಜ್ಞೆ. ಹುದ್ದೆಯ ಹೆಸರು ಉದ್ದ, ಕೆಲಸ ಇಷ್ಟೇ: ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಅಂಕಿ ಬರೆದು ಡಾಕ್ಟರರ ಟೇಬಲ್ಲಿಗೆ ಕಳಿಸುವುದು. ಊರಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಎಲ್ಲರಿಗೂ ನಾನು ‘ರಗತದ ಬಾಯಾರು’, ಅಂದರೆ ರಕ್ತದ ಮೇಡಂ. ನನ್ನ ಬಾಯಿ ಸೂಜಿಗಿಂತ ಚೂಪು ಎಂಬ ಮಾತೂ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮೊದಲೇ ನನ್ನದೊಂದು ಅಭ್ಯಾಸ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೆ ಖಾಲಿ ಹೊಟ್ಟೆಯ ರಕ್ತ ತೆಗೆಯುವ ಹೊತ್ತು. ಹಿಂದಿನ ರಾತ್ರಿಯಿಂದ ಏನೂ ತಿನ್ನದ ಜನ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ನಾನು ಅವರೆದುರಿಗೇ ಡಬ್ಬಿ ಬಿಚ್ಚಿ ಅವಲಕ್ಕಿ ತಿಂದು, ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆ. ಒಮ್ಮೆ ಒಬ್ಬ ಅಜ್ಜ, “ಬಾಯಾರ, ನಿಮ್ಮ ವಗ್ಗರಣಿ ವಾಸನಿಗೇ ನನ್ನ ಶುಗರ್ ಏರತೈತಿ ನೋಡ್ರಿ” ಎಂದಿದ್ದ. ನಾನೂ ನಕ್ಕೆ, ಬೆಂಚಿನವರೂ ನಕ್ಕರು, ನಾನು ತಿನ್ನುವುದು ಮುಂದುವರಿಸಿದೆ.

ಆ ವಾರ ಒಂಟಿ ಕಾಲಲ್ಲಿ ಕುಂಟುತ್ತ ಬಂದವರು ದಾವಲಸಾಬರು. ಐವತ್ತಮೂರು ವರ್ಷ, ಲಾರಿ ಮೆಕ್ಯಾನಿಕ್. ಹಳಿಯಾಳ ರಸ್ತೆಯಲ್ಲಿ ಅವರ ಗ್ಯಾರೇಜು. ಮೂವತ್ತು ವರ್ಷದಿಂದ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿ ಬಾಳಿದ ಮನುಷ್ಯ. ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿ ಹೊಳೆಯುತ್ತಿತ್ತು.

“ಚಾದರ ತಾಗಿದ್ರೂ ಜೀವ ಹೋಗತೈತ್ರಿ ಬಾಯಾರ,” ಎಂದರು. “ನೋವು ಹೆಂಗರ ತಡಕೊಂತೇನಿ. ಆದ್ರ ನಮಾಜಿಗೆ ಕುಂದ್ರಾಕ ಬರವಲ್ದು. ಕುಂತಾಗ ಬಲಗಾಲ ಬೆರಳು ಮಡಚಿ ಮುಂದಕ್ಕ ಮಾಡಬೇಕಲ್ರೀ, ಹೆಬ್ಬಟ್ಟಿನ ಮ್ಯಾಲೇ ಭಾರ ಬೀಳತೈತಿ. ಎರಡು ತಿಂಗಳಾತು, ಎಲ್ಲಾರ ಹಿಂದ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕುಂದರತೇನಿ. ರಂಜಾನದಾಗರ ಎಲ್ಲಾರ ಸಾಲಿನ್ಯಾಗ ನೆಲಕ್ಕ ಕುಂದ್ರಬೇಕ್ರಿ. ಅಷ್ಟ ನೋಡ್ರಿ.”

ಡಾಕ್ಟರು ಅನುಮಾನಿಸಿದ್ದೇ ಸರಿಯಾಗಿತ್ತು, ಗೌಟ್. ನಮ್ಮ ದೇಹದಲ್ಲಿ ಯೂರಿಕ್ ಆಸಿಡ್ ಎಂಬ ಕಸ ಹುಟ್ಟುತ್ತಲೇ ಇರುತ್ತದೆ. ಅದನ್ನು ಸೋಸಿ ಹೊರಹಾಕುವುದು ಮೂತ್ರಪಿಂಡದ ಕೆಲಸ. ಕಸ ಹೆಚ್ಚಾದರೆ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂತುಬಿಡುತ್ತದೆ, ಬಹಳ ಸಲ ಹೆಬ್ಬೆರಳಿನಲ್ಲೇ. ಗಂಡಸರಿಗೆ ಏಳರ ಒಳಗಿರಬೇಕಾದ ಅಂಕಿ ದಾವಲಸಾಬರಲ್ಲಿ 9.8 ಇತ್ತು. ಮೂತ್ರಪಿಂಡದ ಸ್ಥಿತಿ ಹೇಳುವ ಇನ್ನೊಂದು ಅಂಕಿ ಕ್ರಿಯಾಟಿನಿನ್, ಅದು 1.2, ಅಂದರೆ ಗಡಿಯ ಮೇಲೆ, ಆದರೆ ಗಡಿಯೊಳಗೆ. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮಾಂಸ, ಅದರಲ್ಲೂ ಲಿವರ್, ಕಾಲು, ಒಣಮೀನು ಬೇಡ, ನೀರು ಹೆಚ್ಚು ಕುಡಿಯಿರಿ ಎಂದರು. ದಾವಲಸಾಬರು ತಲೆಯಾಡಿಸಿ ಹೋದರು.

ಫೆಬ್ರವರಿ ಮೊದಲ ವಾರ ಮತ್ತೆ ಬಂದಾಗ ಎರಡೂ ಕಾಲಲ್ಲಿ ನಡೆಯುತ್ತಿದ್ದರು. ಡಾಕ್ಟರರ ಗುಳಿಗೆಯಿಂದ ಹೊಟ್ಟೆ ಕೆಟ್ಟಿತೆಂದು ವಾರಕ್ಕೇ ಬಿಟ್ಟಿದ್ದರಂತೆ. ಒಬ್ಬ ಲಾರಿ ಡ್ರೈವರ್ ಹೇಳಿದ ಪ್ರಕಾರ ಹಳಿಯಾಳದ ಕಡೆ ಕಾಡಂಚಿನ ಒಂದು ಹಾಡಿಯ ಸೋಮವ್ವ ಎಂಬ ಮುದುಕಿಯಿಂದ ನಾಟಿ ಔಷಧ ತರುತ್ತಿದ್ದರು.

“ಅಮೃತಬಳ್ಳಿ ಕಷಾಯ ಕೊಡತಾಳ್ರಿ. ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟೂದು. ಒಂದ ರೂಪಾಯಿ ಮುಟ್ಟೂದಿಲ್ಲ ಆಕಿ,” ಎಂದರು ಹೆಮ್ಮೆಯಿಂದ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಪೈಕಿಯವಳು ನಾನು. “ಬ್ಯಾರೇ ಏನರ ಗುಳಿಗಿ ತೊಗೋತೀರೇನ್ರಿ?” ಎಂದು ಕೇಳಿದೆ. “ಛೇ ಛೇ, ಇಲ್ರೀ” ಎಂದರು. ಯೂರಿಕ್ ಆಸಿಡ್ 9.4. ಕಾಲು ಇಳಿದರೂ ಅಂಕಿ ಇಳಿದಿರಲಿಲ್ಲ. ಕ್ರಿಯಾಟಿನಿನ್ 1.5ಕ್ಕೆ ಹೋಗಿತ್ತು. ಒಮ್ಮೊಮ್ಮೆ ಹೀಗಾಗುತ್ತದೆ, ಮುಂದಿನ ತಿಂಗಳು ನೋಡೋಣ ಎಂದುಕೊಂಡೆವು. ಮಾರ್ಚ್ ಮೊದಲ ವಾರ ಅವರು ಮತ್ತೆ ಕುಂಟುತ್ತಲೇ ಬಂದರು. ಯೂರಿಕ್ ಆಸಿಡ್ 9.9, ಕ್ರಿಯಾಟಿನಿನ್ 1.9. ಯಂತ್ರದ ತಪ್ಪೇನೋ ಎಂದು ಎರಡು ಸಲ ಪರೀಕ್ಷೆ ಮಾಡಿದೆ. ಅದೇ ಅಂಕಿ.

ಇದೇ ವೇಗದಲ್ಲಿ ಏರಿದರೆ ಈ ಮನುಷ್ಯ ಡಯಾಲಿಸಿಸ್ ಮಂಚಕ್ಕೆ ಹೋಗುತ್ತಾನೆ. ನೆಲಕ್ಕೆ ಕೂತು ನಮಾಜು ಮಾಡುವ ಮಾತು ಹಾಗಿರಲಿ, ಜೀವದ ಮಾತೇ ಬಂದಿತ್ತು. ನಮ್ಮ ಡಾಕ್ಟರು ಮೈಸೂರು ಕಡೆಯ ಹುಡುಗ, ಒಳ್ಳೆಯವರು, ಸಿಟ್ಟಾಗಿದ್ದು ನಾನು ಕಂಡದ್ದು ಅದೇ ಮೊದಲು.

“ಆ ಕಷಾಯದ್ದೊಂದು ಬಾಟಲಿ ತರಿಸಿ ಮೇಡಂ. ದೊಡ್ಡ ಲ್ಯಾಬಿಗೆ ಕಳಿಸೋಣ. ಅದರಲ್ಲಿ ಏನಾದ್ರೂ ಸಿಕ್ಕಿದ್ರೆ ಆಕೆ ಮೇಲೆ ನಾನೇ ದೂರು ಬರೀತೀನಿ, ಇನ್ನೊಬ್ಬರ ಕಿಡ್ನಿ ಹಾಳಾಗಬಾರದು.”

ಅವರ ಸಿಟ್ಟಿಗೆ ಕಾರಣವಿತ್ತು. ಸಂತೆಯಲ್ಲಿ ಮಾರುವ ಕರಿಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ನಾವು ಕೇಳಿದ್ದೆವು. ತರಿಸುವುದೇನು, ನಾನೇ ಹೋಗಿ ತರುತ್ತೇನೆ ಎಂದೆ. ಬಾಟಲಿಯ ಜೊತೆ ಆ ಮುದುಕಿಗೆ ನಾಲ್ಕು ಮಾತೂ ಹೇಳಿ ಬರಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು.

ಮಾರ್ಚ್ ಆರು, ಭಾನುವಾರ. ಆ ಹಾಡಿಗೆ ಬಸ್ಸಿಲ್ಲ. ದಾವಲಸಾಬರೇ ತಮ್ಮ ಹಳೆಯ ಜೀಪು ತಂದರು. ಬ್ರೇಕ್ ಒತ್ತುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ದಾರಿಯುದ್ದಕ್ಕೂ ನಾನು ಸೋಮವ್ವನನ್ನು ಬೈಯುತ್ತ ಹೋದೆ, ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾತಿನ ಮನುಷ್ಯ ಯಾಕೆ ಮೌನವಾಗಿದ್ದಾರೆಂದು ನನಗೆ ಹೊಳೆಯಲೂ ಇಲ್ಲ.

ನಾವು ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ನಾಲ್ಕು ಮನೆಯ ಹಾಡಿ. ಸೋಮವ್ವ ಸಿದ್ದಿ ಸಮುದಾಯದ ಹೆಣ್ಣುಮಗಳು, ಅರವತ್ತು ದಾಟಿದವಳು, ಹೊಲದ ಕೂಲಿಯಿಂದ ಗಟ್ಟಿಯಾದ ಕೈ, ಆದರೆ ಕೊರಳ ಎಲುಬು ಎದ್ದು ಕಾಣುವಷ್ಟು ಸೊರಗಿದ್ದಳು. ಜಗುಲಿಯ ಮೇಲೆ ತಾಟು ಇಟ್ಟುಕೊಂಡು ಉಣ್ಣುತ್ತಿದ್ದಳು. ಒಳಗೆ ಅವಳ ಸೊಸೆ ಒಣಮೀನು ಹುರಿಯುತ್ತಿದ್ದಳು, ಆ ವಾಸನೆ ಅಂಗಳದ ತುಂಬ ಹಬ್ಬಿತ್ತು. ಸೋಮವ್ವನ ತಾಟಿನಲ್ಲಿ ಮಾತ್ರ ಬಿಳಿ ಗಂಜಿ, ಬೇಯಿಸಿದ ಸೋರೆಕಾಯಿ, ಅಷ್ಟೇ.

ಕೂತುಕೊಳ್ಳಿ ಎನ್ನುವ ಮೊದಲೇ ನಾನು ಸುರು ಮಾಡಿದೆ. “ಏನ ಹಾಕತೀಯವ್ವಾ ಕಷಾಯದಾಗ? ಇವರ ಕಿಡ್ನಿ ಕೆಡಾಕ ಹತ್ತೈತಿ, ಗೊತ್ತೈತೇನು ನಿನಗ?”

ಅವಳು ಗಾಬರಿಯಾಗಲಿಲ್ಲ. ಕೈ ತೊಳೆದು ಬಂದು, ಸೂರಿಗೆ ಸಿಕ್ಕಿಸಿದ್ದ ಬಳ್ಳಿಯ ತುಂಡು ತಂದು ನನ್ನ ಮುಂದಿಟ್ಟಳು. ಹೆಬ್ಬೆರಳ ದಪ್ಪದ ಅಮೃತಬಳ್ಳಿ. ಬೇವಿನ ಮರಕ್ಕೆ ಹಬ್ಬಿದ್ದನ್ನೇ ತರುವುದು, ಕಾಸರಕದ ಮರ ವಿಷದ ಮರ, ಅದಕ್ಕೆ ಹಬ್ಬಿದ್ದು ಮುಟ್ಟುವುದಿಲ್ಲ. ಗೇಣುದ್ದ ಬಳ್ಳಿ ಜಜ್ಜಿ ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸುವುದು. ಲಕ್ಕಿ ಸೊಪ್ಪನ್ನು ಎಳ್ಳೆಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿ ಊದಿದ ಕಡೆ ಕಟ್ಟುವುದು. “ಇಷ್ಟ ನೋಡ್ರಿ ಬಾಯಾರ. ಬಚ್ಚಿಡೂದು ಏನೂ ಇಲ್ಲ,” ಎಂದಳು. ಬಾಟಲಿಗೆ ತುಂಬಿಯೂ ಕೊಟ್ಟಳು. ನಾನೊಂದು ಗುಟುಕು ಬಾಯಿಗೆ ಹಾಕಿದೆ. ಅಬ್ಬಾ, ಆ ಕಹಿ ಸಂಜೆಯವರೆಗೂ ಹೋಗಲಿಲ್ಲ.

“ಪಥ್ಯ ಹೇಳಿದ್ದೀ ಏನು?” ಎಂದೆ.

“ಹೇಳೇನ್ರಿ. ಮಾಂಸ ಬ್ಯಾಡ, ಕಾಲ ಸೂಪ್ ಬ್ಯಾಡ, ಒಣಮೀನ ಬ್ಯಾಡ, ಹುಳಿ ಬ್ಯಾಡ. ನಲವತ್ತೊಂದು ದಿನ.”

“ಹಿಡದಾರೋ ಇಲ್ಲೋ ಅಂತ ಕೇಳಿದಿ?”

ಅವಳು ನನ್ನ ಮುಖವನ್ನೇ ನೋಡಿದಳು, ಕೇಳಬಾರದ್ದನ್ನು ಕೇಳಿದೆನೇನೋ ಎನ್ನುವಂತೆ. “ಅದನ್ನ ಹೆಂಗ ಕೇಳೂದ್ರಿ ಬಾಯಾರ? ಕೇಳಿದ್ರ ಅನುಮಾನ ಪಟ್ಟಂಗ ಆಕ್ಕೈತಿ. ನಮ್ಮವ್ವ ಯಾರಿಗೂ ಕೇಳಿದಾಕಿ ಅಲ್ಲ. ಪಥ್ಯ ಹಿಡದಿ ಏನು ಅಂತ ಕೇಳಬಾರದು, ನಾವು ಹಿಡೀಬೇಕು. ಔಷಧ ಕೊಟ್ಟಾಕಿ ಮೀನ ತಿಂದ್ರ, ತೊಗೊಂಡಾಂವಗ ಹೆಂಗ ಹತ್ತತೈತಿ ಔಷಧ? ಇದು ನಮ್ಮ ಮನ್ಯಾಗಿನ ಕಟ್ಟಳಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ತಾಟಿನ ಗಂಜಿ ದಾವಲಸಾಬರ ಹೆಬ್ಬೆರಳಿನ ಸಲುವಾಗಿ ಅವಳು ಉಣ್ಣುತ್ತಿದ್ದ ಗಂಜಿ.

ಅಷ್ಟರಲ್ಲಿ ಸೊಸೆ ಸೌಟು ಹಿಡಿದೇ ಹೊರಬಂದಳು. ಅವಳಿಗೂ ನಾಲ್ಕು ಮಾತು ಹೇಳುವುದಿತ್ತು. “ನಲವತ್ತೊಂದು ದಿನಾ ಮುಗದಿತ್ರಿ ಬಾಯಾರ. ಇನ್ನ ನಮ್ಮ ಅತ್ತಿ ನೆಟ್ಟಗ ಉಣತಾಳ ಅನ್ನೂದರಾಗ ಈ ಅಣ್ಣಾರು ಬಂದು ‘ಮತ್ತ ನೋವು ಸುರು ಆತು’ ಅಂದ್ರು. ನನ್ನ ಪಥ್ಯದಾಗ ಏನೋ ತಪ್ಪೈತಿ ಅಂತ ಮತ್ತ ಒಂದರಿಂದ ಎಣಿಸಾಕ ಹತ್ತಿದ್ಳು. ಇವತ್ತಿಗೆ ಎರಡನೇ ಸುತ್ತಿನ ಇಪ್ಪತ್ತನೇ ದಿನ. ಮುಂಡಗೋಡದಾಗ ತಮ್ಮನ ಮಗಳ ಮದಿವ್ಯಾಗ ಎಲ್ಲಾರೂ ಉಂಡ್ರು, ಈಕಿ ಒಬ್ಬಾಕಿ ಬುತ್ತಿ ಕಟಗೊಂಡು ಹೋದ ಗಂಜಿ ಕುಡದ್ಳು. ನೋಡ್ರಿ, ಹೆಂಗ ಒಣಗ್ಯಾಳ.”

“ಸುಮ್ನಿರ ನೀನು,” ಎಂದಳು ಸೋಮವ್ವ.

ದಾವಲಸಾಬರು ಜಗುಲಿಯ ತುದಿಯಲ್ಲಿ ಕಾಲು ಚಾಚಿ ಕೂತಿದ್ದರು. ಮೆಲ್ಲಗೆ ಅಂಗಿಯ ಕಿಸೆಗೆ ಕೈ ಹಾಕಿ ಒಂದು ಗುಳಿಗೆ ಪಟ್ಟಿ ತೆಗೆದು ಸೋಮವ್ವನ ತಾಟಿನ ಪಕ್ಕದಲ್ಲಿಟ್ಟರು. ಅರ್ಧ ಖಾಲಿಯಾದ ಪಟ್ಟಿ. ನಾನು ಎತ್ತಿ ನೋಡಿದೆ. ನೋವಿನ ಗುಳಿಗೆ, ಡೈಕ್ಲೊಫೆನಾಕ್. ಒಂದೆರಡು ದಿನ ಡಾಕ್ಟರು ಹೇಳಿದಂತೆ ತೆಗೆದುಕೊಂಡರೆ ನೋವಿಗೆ ಆಸರೆ, ತಿಂಗಳಾನುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಕುತ್ತು.

“ದಿನಕ್ಕ ಎಷ್ಟು?” ಎಂದೆ.

“ಎರಡು. ಕೆಲಸಾ ಜಾಸ್ತಿ ಇದ್ರ ಮೂರು,” ಎಂದರು ತಲೆ ತಗ್ಗಿಸಿ. “ಎರಡು ತಿಂಗಳಾತ್ರಿ. ನಿಮ್ಮ ಮುಂದ ಸುಳ್ಳು ಹೇಳಿದ್ನಿ. ಮತ್ತ... ಶುಕ್ರವಾರಕ್ಕೊಮ್ಮೆ ಪಾಯಾ ಕುಡೀತೇನಿ. ಕಾಲನೋವಿಗೆ ಕಾಲ ಸೂಪ್ ಬಲಾ ಅಂತಾರಲ್ರೀ ಎಲ್ಲಾರೂ.”

ಪಾಯಾ ಎಂದರೆ ಕುರಿಯ ಕಾಲುಗಳನ್ನು ರಾತ್ರಿಯಿಡೀ ಕುದಿಸಿ ಮಾಡುವ ಸೂಪು. ಎಲುಬು ಮುರಿದವರಿಗೆ, ಬಾಣಂತಿಯರಿಗೆ, ಮಂಡಿ ನೋವಿನವರಿಗೆ ನಮ್ಮ ಕಡೆ ಜಾತಿಮತವಿಲ್ಲದೆ ಎಲ್ಲರೂ ಹೇಳುವ ಮದ್ದು ಅದು. ರೋಗಿ ಬಯಸಿದ್ದೂ ಪಾಯಾ, ನೆರೆಯವರು ಹೇಳಿದ್ದೂ ಪಾಯಾ! ಗೌಟ್ ಇದ್ದವರಿಗೆ ಮಾತ್ರ ಅದು ಉರಿಯುವ ಬೆಂಕಿಗೆ ಎಣ್ಣೆ. ಹೀಗೆ ನನ್ನ ಎರಡೂ ಅಂಕಿಗಳ ಗುಟ್ಟು ಬಯಲಾಯಿತು. ಇಳಿಯದ ಯೂರಿಕ್ ಆಸಿಡ್ ಪಾಯಾದ್ದು, ಏರಿದ ಕ್ರಿಯಾಟಿನಿನ್ ಗುಳಿಗೆಯದು.

“ನಾ ಹಾಳಾದ್ರ ಆಗಲಿ ಅಂತ ಇದ್ನಿ,” ಎಂದರು ದಾವಲಸಾಬರು. “ನನ್ನ ಸಲುವಾಗಿ ನೀ ಉಪವಾಸ ಇದ್ದೀ ಅಂತ ನನಗ ಗೊತ್ತಿದ್ದಿಲ್ಲ ಅವ್ವಾ. ನನ್ನ ಹೆತ್ತಾಕಿನೂ ಹಿಂಗ ಮಾಡತಿದ್ಲೋ ಇಲ್ಲೋ.” ಐವತ್ತಮೂರರ ಗಂಡಸು, ಆಯಿಲ್ ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಮುಖವೆಲ್ಲ ಕಪ್ಪಾಯಿತು.

ಸೋಮವ್ವ ಬೈಯುತ್ತಾಳೆಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ದಿನ ಕಾಡಿನ ಹಕ್ಕಿಗಳೆಲ್ಲ ಹಾರಿಹೋಗುತ್ತಿದ್ದವು. ಅವಳು ನನ್ನ ಕಡೆ ತಿರುಗಿ, “ಈ ಗುಳಿಗಿಯಿಂದ ಕೆಟ್ಟೈತೇನ್ರಿ ರಗತ?” ಎಂದು ಕೇಳಿದಳು. ಹಾಗೇ ಕಾಣುತ್ತದೆ ಎಂದೆ.

“ಹಂಗಾರ ಕಷಾಯನೂ ಇವತ್ತಿಗೆ ನಿಲ್ಲಲಿ. ಒಳಗಿಂದು ಮೊದಲ ನಿಮ್ಮ ಡಾಕ್ಟರ್ ನೋಡಲಿ. ನೋವಿಗೆ ಸೊಪ್ಪು ಕಟ್ಟತೇನಿ, ಅದು ಹೊರಗಿಂದು, ಏನೂ ಮಾಡೂದಿಲ್ಲ.” ಆಮೇಲೆ ದಾವಲಸಾಬರಿಗೆ, “ಪಥ್ಯ ನಾ ಬಿಡೂದಿಲ್ಲ. ನೀ ಇನ್ನರ ಹಿಡಿ,” ಎಂದಳು.

“ಅಲ್ಲಾನ ಆಣಿ ಅವ್ವಾ, ಹಿಡೀತೇನಿ.”

“ಆಣಿ ಬ್ಯಾಡೋ ತಮ್ಮಾ. ಗಂಜಿ ಉಣ್ಣು.”

ಒಳಗಿಂದ ಇನ್ನೆರಡು ತಾಟು ಬಂದವು. ಒಂದು ಅವರಿಗೆ, ಒಂದು ನನಗೆ. ಉಪ್ಪು ಹುಳಿ ಇಲ್ಲದ ಆ ಗಂಜಿಯನ್ನು ದಾವಲಸಾಬರು ತಾಟು ನೆಕ್ಕಿ ಉಂಡರು. ನಾನೂ ಉಂಡೆ. ನಾಲ್ಕು ಮಾತು ಹೇಳಿ ಬರಲು ಹೋದವಳಿಗೆ ಒಂದೂ ನೆನಪಾಗಲಿಲ್ಲ.

ಮರುದಿನ ಡಾಕ್ಟರು ಎಲ್ಲ ಕೇಳಿದರು. “ಕಿಸೆ ನೋಡಬೇಕಿತ್ತು, ನಾನೂ ನೋಡಲಿಲ್ಲ” ಎಂದರು. ದೊಡ್ಡ ಲ್ಯಾಬಿಗೆ ಹೋದ ಬಾಟಲಿಯಲ್ಲಿ ಸ್ಟಿರಾಯ್ಡ್ ಆಗಲಿ ಬೇರೆ ಕಲಬೆರಕೆಯಾಗಲಿ ಸಿಗಲಿಲ್ಲ. ನೋವಿನ ಗುಳಿಗೆ ನಿಂತಿತು. ಹುಬ್ಬಳ್ಳಿಯ ಮೂತ್ರಪಿಂಡ ತಜ್ಞರಿಗೆ ಒಮ್ಮೆ ತೋರಿಸಿ, ಹೊಟ್ಟೆಗೆ ಒಗ್ಗುವಂತೆ ಗೌಟ್ ಔಷಧದ ಪ್ರಮಾಣ ಬದಲಿಸಿದರು. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಹೊರಗಿನಿಂದ ಲಕ್ಕಿ ಸೊಪ್ಪು ಕಟ್ಟಿಕೊಳ್ಳಲು ಡಾಕ್ಟರರ ಅಡ್ಡಿಯಿರಲಿಲ್ಲ.

ಯಾವುದರಿಂದ ಎಷ್ಟು ಗುಣ ಬಂತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ರಕ್ತದ ಅಂಕಿ ಇಳಿಸಿದ್ದು ಡಾಕ್ಟರರ ಔಷಧ ಮತ್ತು ಬಾಯಿ ಕಟ್ಟಿದ್ದು ಎಂದೇ ನಾನು ಹೇಳುತ್ತೇನೆ. ಬಳ್ಳಿಯ ಕಷಾಯ ಎಲ್ಲರಿಗೂ ನಿರಪಾಯ ಎಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ನೋವಿನ ಗುಳಿಗೆ ಬಿಟ್ಟ ಆ ಮೊದಲ ಎರಡು ವಾರ, ಹೆಬ್ಬೆರಳು ಉರಿಯುವಾಗ ದಾವಲಸಾಬರಿಗೆ ಆಸರೆಯಾದದ್ದು ಬೆಚ್ಚನೆಯ ಆ ಲಕ್ಕಿ ಸೊಪ್ಪೇ. ಅದು ಇಲ್ಲದಿದ್ದರೆ ಮೂರನೆಯ ದಿನಕ್ಕೇ ಗುಳಿಗೆಗಾಗಿ ಮತ್ತೆ ಔಷಧದ ಅಂಗಡಿಗೆ ಓಡುತ್ತಿದ್ದೆ ಎಂದು ಅವರೇ ಹೇಳಿದ್ದಾರೆ.

ರಂಜಾನ್ ಏಪ್ರಿಲ್ ಮೂರಕ್ಕೆ ಸುರುವಾಯಿತು. ನೀರಿಲ್ಲದ ಉಪವಾಸ ಈಗಲೇ ಬೇಡ ಎಂದರು ಡಾಕ್ಟರು. ಕಾಯಿಲೆಯವರಿಗೆ ರಿಯಾಯಿತಿ ಇದೆಯೆಂದು ಮಸೀದಿಯ ಹಿರಿಯರೂ ಹೇಳಿದರು. ದಾವಲಸಾಬರು ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಮೂರನೆಯ ವಾರದ ರಿಪೋರ್ಟು ನಾನೇ ಬರೆದೆ: ಯೂರಿಕ್ ಆಸಿಡ್ 6.6, ಕ್ರಿಯಾಟಿನಿನ್ 1.3. ಉಳಿದ ರೋಜಾ ಹಿಡಿಯಬಹುದು, ಸಂಜೆಯ ಇಫ್ತಾರ್‌ನಿಂದ ಬೆಳಗಿನ ಜಾವದ ಸಹರಿವರೆಗೆ ಚೆನ್ನಾಗಿ ನೀರು ಕುಡಿಯಬೇಕು ಎಂದು ಡಾಕ್ಟರು ಒಪ್ಪಿಗೆ ಕೊಟ್ಟರು.

ಈ ರಿಪೋರ್ಟು ಸೋಮವ್ವನಿಗೆ ತೋರಿಸಲೇಬೇಕೆಂದು ದಾವಲಸಾಬರ ಹಟ. ಏಪ್ರಿಲ್ ಇಪ್ಪತ್ತನಾಲ್ಕು, ಮತ್ತೊಂದು ಭಾನುವಾರ, ಅದೇ ಜೀಪು. ಈ ಸಲ ಬ್ರೇಕ್ ಒತ್ತುವಾಗ ಹಾಡು ಗುನುಗುತ್ತಿದ್ದರು.

ಸೋಮವ್ವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದರಾಗ ಏನೈತ್ರಿ ಬಾಯಾರ?”

“ನಿನ್ನ ಮಗನ ಕಿಡ್ನಿ ಉಳದೈತಿ ಅಂತ ಐತವ್ವಾ. ಬಾವೂ ಇಳದೈತಿ.”

ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಸಣ್ಣ ಹುಡುಗಿಯ ಹಾಗೆ ಕೇಳಿದಳು: “ಹಂಗಾರ ನಾ ಇವತ್ತ ಮೀನ ತಿನ್ನಬಹುದೇನ್ರಿ?”

ನೂರಹತ್ತು ದಿನ! ಮೊದಲ ಕಷಾಯ ಕೊಟ್ಟ ಜನವರಿ ಐದರಿಂದ ಸೊಸೆ ಎಣಿಸಿಟ್ಟಿದ್ದಳು. ದಾವಲಸಾಬರು ಜೀಪಿನಿಂದ ಒಂದು ಪೊಟ್ಟಣ ತಂದರು. ಗೋವಾಕ್ಕೆ ಹೋಗಿದ್ದ ಡ್ರೈವರ್ ಗೆಳೆಯನಿಂದ ಅನಮೋಡ ದಾರಿಯಲ್ಲಿ ತರಿಸಿದ ಒಣಬಂಗಡೆ. ಸೊಸೆ ಹುರಿದು ತಂದಳು, ತಾಟಿಗೆ ಬಡಿಸಿದವರು ದಾವಲಸಾಬರು. ತಮ್ಮದು ರೋಜಾ, ಬೆಳಗಿನಿಂದ ಬಾಯಿಗೆ ಹನಿ ನೀರಿಲ್ಲ, ನಾಲಿಗೆಗೆ ಇಷ್ಟವಾದ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತಿದೆ. ಮನುಷ್ಯ ನಗುತ್ತ ಬಡಿಸಿದರು, “ಇನ್ನೊಂದು ತೊಗೋ ಅವ್ವಾ, ಮುಳ್ಳ ನೋಡಿ ತಿನ್ನು” ಎನ್ನುತ್ತ.

ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಅಂಗಳದ ಮೂಲೆಯಲ್ಲಿ ಟವೆಲ್ ಹಾಸಿದರು. ನಿಂತರು, ಬಾಗಿದರು, ಹಣೆ ನೆಲಕ್ಕಿಟ್ಟರು, ಎದ್ದು ಕೂತರು. ಬಲಗಾಲಿನ ಹೆಬ್ಬೆರಳು ಮಡಚಿ ನೆಲಕ್ಕೆ ಊರಿಕೊಂಡಿತು. ಸೋಮವ್ವನ ಕೈಯಲ್ಲಿ ಮೀನಿನ ತುಂಡು ಹಾಗೇ ನಿಂತಿತ್ತು. “ಬೆರಳ ಮಡಚೈತಿ ನೋಡ್ರಿ ಬಾಯಾರ,” ಎಂದು ಪಿಸುಗುಟ್ಟಿದಳು. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. ನನ್ನ ಕಣ್ಣಿಂದಲೂ.

ನನ್ನ ಮುಂದೆಯೂ ತಾಟು ಬಂದಿತ್ತು. ಎದುರಿಗೆ ಉಪವಾಸದ ಮನುಷ್ಯ. “ನನಗ ಹಸಿವಿಲ್ಲವ್ವಾ, ಆಮ್ಯಾಲೆ ಉಣತೇನಿ” ಎಂದೆ. ಸುಳ್ಳು, ಹೊಟ್ಟೆ ತಾಳ ಹಾಕುತ್ತಿತ್ತು. ಸೋಮವ್ವ ಒಮ್ಮೆ ನನ್ನ ಮುಖ ನೋಡಿ ಒತ್ತಾಯ ಮಾಡದೆ ತಾಟು ಮುಚ್ಚಿಟ್ಟಳು.

ಮೂವತ್ತೊಂದು ವರ್ಷ ‘ಏನೂ ತಿನ್ನದೆ ಬರ್ರಿ’ ಎಂದು ಜನರಿಗೆ ಹೇಳುತ್ತ, ಅವರೆದುರಿಗೇ ಅವಲಕ್ಕಿ ತಿಂದವಳು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಇದನ್ನು ನನಗೆ ತೋರಿಸಿಕೊಟ್ಟದ್ದು ಯಾವ ತರಬೇತಿಯೂ ಅಲ್ಲ, ಓದು ಬಾರದ ಒಬ್ಬ ಹೆಣ್ಣುಮಗಳ ಗಂಜಿಯ ತಾಟು. ಅವಳ ಋಣ ನನ್ನ ಮೇಲಿದೆ, ಅದು ತೀರುವುದೂ ಬೇಡ.

ಮರುದಿನ ಸೋಮವಾರ. ಎಂಟು ಗಂಟೆಗೆ ಬೆಂಚು ತುಂಬಿತ್ತು. ಡಬ್ಬಿಯನ್ನೂ ಫ್ಲಾಸ್ಕನ್ನೂ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಸಾಲಿನಲ್ಲಿದ್ದ ಆ ಶುಗರ್ ಅಜ್ಜ, “ಯಾಕ್ರೀ ಬಾಯಾರ, ಇವತ್ತ ವಗ್ಗರಣಿ ಇಲ್ಲೇನ?” ಎಂದ.

“ನಿಮ್ಮದೆಲ್ಲಾ ಮುಗೀಲಿ ಅಜ್ಜಾ, ಕೂಡೇ ಉಣ್ಣೂಣು,” ಎಂದೆ. ನಿವೃತ್ತಿಯ ದಿನದವರೆಗೂ ಕೊನೆಯವರ ರಕ್ತ ತೆಗೆದ ಮೇಲೆಯೇ ನಾನು ಚಹಾ ಕುಡಿದೆ.